ಗುಂಡು ನುಂಗುವ ಗಂಟಲು

ಈ ದೇಶದಲ್ಲಿ ಇದುವರೆಗೆ ಹಾರಿದ ಗುಂಡುಗಳಲ್ಲಿ ಅರ್ಧಕ್ಕರ್ಧ ಮೊದಲು ನನ್ನ ಗಂಟಲಿಗೆ ಇಳಿದು, ನನ್ನ ಅಪ್ಪಣೆ ಪಡೆದು, ಆಮೇಲೆ ಬಂದೂಕು ಸೇರಿದವು. ಲೆಕ್ಕ ಇಟ್ಟವರು ಯಾರೂ ಇಲ್ಲವಾದ್ದರಿಂದ ನಾನೇ ಹೇಳಿಬಿಡುತ್ತೇನೆ: ಮೂವತ್ತಾರು ಕೋಟಿ. ಒಂದು ದಿನವೂ ಅಜೀರ್ಣವಾಗಲಿಲ್ಲ, ಒಂದು ತೇಗೂ ಬರಲಿಲ್ಲ. ನಂಬುವುದಿಲ್ಲವೇ? ಬಿಡಿ. ಕೂತು ನಂಬಿಸುವಷ್ಟು ತ್ರಾಣ ಈಗ ನನ್ನಲ್ಲಿ ಉಳಿದಿಲ್ಲ. ನನ್ನಷ್ಟು ದಣಿದ ಉಕ್ಕು ಈ ರಾಜ್ಯದಲ್ಲೇ ಇನ್ನೊಂದಿಲ್ಲ. ದಣಿವಿನಲ್ಲೂ ನನಗೇ ಮೊದಲ ಸ್ಥಾನ.

ನಾನು ಒಂದು ಉಕ್ಕಿನ ತುಂಡು. ಉದ್ದ ಮೂರು ಬೆರಳು, ದಪ್ಪ ಹೆಬ್ಬೆರಳಿಗಿಂತ ತುಸು ಹೆಚ್ಚು, ನಡುವೆ ಈ ತುದಿಯಿಂದ ಆ ತುದಿಗೆ ಒಂದು ತೂತು. ಜಿಲ್ಲಾ ಪೊಲೀಸ್ ಪಡೆಯ ಶಸ್ತ್ರಾಗಾರದಲ್ಲಿ ನನ್ನನ್ನು ಗೇಜು ಎನ್ನುತ್ತಾರೆ. ಕಾರ್ಖಾನೆಯಿಂದ ಪೆಟ್ಟಿಗೆಯಲ್ಲಿ ಬಂದ ಗುಂಡುಗಳನ್ನು ಹಾಗೇ ಬಂದೂಕಿಗೆ ತುಂಬುವಂತಿಲ್ಲ. ಮೊದಲು ಒಂದೊಂದನ್ನೂ ನೋಡಬೇಕು. ಮೂತಿ ಕೆಳಗೆ ಮಾಡಿ ಗುಂಡನ್ನು ನನ್ನೊಳಗೆ ಬಿಟ್ಟರೆ ಅದು ಟಕ್ಕೆಂದು ಕೂರಬೇಕು. ನನ್ನನ್ನು ಬೋರಲು ಮಾಡಿದರೆ ತನ್ನ ಭಾರಕ್ಕೆ ತಾನೇ ಅಂಗೈಗೆ ಜಾರಬೇಕು. ಸಿಕ್ಕಿಕೊಂಡಿತೋ, ಬುಡ ಎತ್ತಿ ನಿಂತಿತೋ, ಅದು ಊದಿಕೊಂಡ ಅಥವಾ ಸೊಟ್ಟಗಾದ ಗುಂಡು ಎಂದು ಅರ್ಥ. ಅಂಥದ್ದು ಬಂದೂಕಿನಲ್ಲೂ ಸಿಕ್ಕಿಕೊಳ್ಳುತ್ತದೆ. ಅದನ್ನು ಬೇರೆ ಡಬ್ಬಿಗೆ ಹಾಕಬೇಕು.

ಹುಟ್ಟುವಾಗ ನಾನು ಒಂಟಿಯಾಗಿರಲಿಲ್ಲ. ಒಂದು ತ್ರೀ ನಾಟ್ ತ್ರೀ ಬಂದೂಕಿನ ನಳಿಗೆಯ ಬುಡ ನಾನು. ಗುಂಡು ಕೂರುವ ಜಾಗ. ಗಂಟಲಿದ್ದ ಹಾಗೆ. ನನ್ನನ್ನು ಕೊರೆಯಲು ಬಂದ ಹದಿನೇಳು ಡ್ರಿಲ್ಲುಗಳು ಮುರಿದುಬಿದ್ದವು, ಹದಿನೆಂಟನೆಯದು ನನ್ನ ಮುಖ ನೋಡಿ ತಾನೇ ಸಣ್ಣಗಾಯಿತು. ಅಲ್ಲಿಂದ ನೇರ ಜಿಲ್ಲಾ ಖಜಾನೆಯ ಕಾವಲಿಗೆ ಬಂದೆ. ಒಮ್ಮೆ ಹಾಡುಹಗಲೇ ನೂರು ಮಂದಿ ದರೋಡೆಕೋರರು ಖಜಾನೆಯ ಮೇಲೆ ಬಿದ್ದರು. ನಾನು ಒಂದು ಸಲ ಬಾಯಿ ತೆರೆದೆ ಅಷ್ಟೇ, ಅಷ್ಟೂ ಜನ ಬಂದ ದಾರಿ ಹಿಡಿದರು. ಬಂದದ್ದು ಪಕ್ಕದ ಓಣಿಯ ನಾಲ್ಕು ಎಮ್ಮೆಗಳೆಂದು ಅವತ್ತಿನ ಕಾವಲಿನವನು ಹೇಳಿಕೊಂಡು ತಿರುಗಿದ. ಅವನ ದೃಷ್ಟಿ ಮೊದಲೇ ಮಂದ.

ಹಾಗೆ ನಿಂತು ನಿಂತೇ ಕಾಲ ಕಳೆಯಿತು. ನಳಿಗೆಯ ಒಳಗೆ ತುಕ್ಕು ಕಚ್ಚಿ, ಗುರಿಯೆಲ್ಲ ಅಡ್ಡಾದಿಡ್ಡಿಯಾಗಿ, ಬಂದೂಕನ್ನು ಗುಜರಿಯ ಗುಡ್ಡೆಗೆ ಹಾಕಿದರು. ಪೊಲೀಸ್ ವರ್ಕ್‌ಶಾಪಿನ ಕಬ್ಬಿಣ ಕಡೆಯುವ ಲೇಥಿನ ಮುಂದೆ ನಿಲ್ಲುತ್ತಿದ್ದ ಮೌಲಾಸಾಬ್ ಆ ಗುಡ್ಡೆಯಿಂದ ನನ್ನನ್ನು ಎತ್ತಿದ. ಬಾಯಲ್ಲಿ ಸದಾ ಎಲೆಯಡಿಕೆ. ಮಾತಾಡಬೇಕಾದರೆ ಮುಖ ಆಕಾಶಕ್ಕೆ ಎತ್ತಬೇಕು.

"ಮುಂದಿನದೆಲ್ಲಾ ಹೋಗೈತಿ, ಬುಡ ಮಾತ್ರ ಗಟ್ಟಿ ಐತಿ ನೋಡ್ರಿ," ಎಂದು ಆಕಾಶಕ್ಕೇ ಹೇಳಿ, ನನ್ನನ್ನು ನಳಿಗೆಯಿಂದ ಕತ್ತರಿಸಿದ. ಎರಡೂ ತುದಿ ಸವರಿ, ಎಣ್ಣೆ ಒರೆಸಿ, ಶಸ್ತ್ರಾಗಾರದ ಹೆಡ್ ಕಾನ್‌ಸ್ಟೇಬಲ್ ಯಮನೂರಪ್ಪ ಕಡೇಮನಿಯ ಕೈಗಿಟ್ಟ. "ತಗೋರಿ ಯಮನೂರಣ್ಣ, ನಿಮಗೊಬ್ಬ ಅಸಿಸ್ಟೆಂಟು. ಪಗಾರ ಕೇಳೂದಿಲ್ಲ, ರಜಾ ಕೇಳೂದಿಲ್ಲ."

ಕತ್ತರಿಸುವಾಗ ನೋವಾಯಿತೇ ಎಂದು ಕೇಳುತ್ತೀರಿ. ಛೇ, ನಗುತ್ತಿದ್ದೆ.

ಯಮನೂರಪ್ಪ ಎತ್ತರದ, ಬಾಗಿದ ಮನುಷ್ಯ. ಮಾತು ಕಡಿಮೆ, ನಿಟ್ಟುಸಿರು ಜಾಸ್ತಿ. ಬೆಳಿಗ್ಗೆ ಶಸ್ತ್ರಾಗಾರದ ಬೀಗ ತೆಗೆಯುವಾಗ ಒಂದು ಉಸಿರು, ಸಂಜೆ ಹಾಕುವಾಗ ಒಂದು. ಪಡೆಗೆ ಸೇರಿದ ಹೊಸತರಲ್ಲಿ ಅಭ್ಯಾಸಕ್ಕೆಂದು ಅವನ ಪಕ್ಕದಲ್ಲೇ ಮಲಗಿ ಗುರಿ ಹಿಡಿದಿದ್ದ ಗೆಳೆಯನ ಬಂದೂಕಿನಲ್ಲಿ ಬಿರುಕುಬಿಟ್ಟ ಗುಂಡೊಂದು ಹಿಮ್ಮುಖವಾಗಿ ಬೆಂಕಿ ಉಗುಳಿತ್ತು. ಗೆಳೆಯನ ಬಲಗಣ್ಣು ಹೋಯಿತು. ಆ ಕಥೆಯನ್ನು ಯಮನೂರಪ್ಪ ಯಾರಿಗೂ ಪೂರ್ತಿ ಹೇಳುತ್ತಿರಲಿಲ್ಲ. ಗುಂಡು ನೋಡಲು ಕೂತಾಗ ಮಾತ್ರ, "ಕಣ್ಣ ಹೋದ್ರ ಹೊಸಾವು ಯಾರ್ ಕೊಡ್ತಾರ," ಎಂದು ಗೊಣಗುತ್ತಿದ್ದ.

ಅವನು ಗುಂಡು ನೋಡುವುದೂ ಒಂದು ದೊಡ್ಡ ವ್ರತದ ಹಾಗೆ ನಡೆಯುತ್ತಿತ್ತು. ಮೊದಲು ಒಣಬಟ್ಟೆಯಲ್ಲಿ ಒರೆಸಬೇಕು. ಕಿಟಕಿಯ ಗಾಜಿನ ತುಂಡಿನ ಮೇಲೆ ಉರುಳಿಸಬೇಕು, ಸೊಟ್ಟಗಿದ್ದರೆ ಕುಂಟುತ್ತದೆ. ಹಿತ್ತಾಳೆಯ ಕುತ್ತಿಗೆಯಲ್ಲಿ ಬಿರುಕಿದೆಯೇ, ಮೈ ನಗ್ಗಿದೆಯೇ, ಮೂತಿ ಒಳಗೆ ಸರಿದಿದೆಯೇ ಎಂದು ಬೆಳಕಿಗೆ ಹಿಡಿದು ತಿರುಗಿಸಬೇಕು. ಆಮೇಲೆ ಬುಡ. ಅಲ್ಲಿ ನಡುವೆ ಬೊಟ್ಟಿನಷ್ಟಗಲ ಒಂದು ಕ್ಯಾಪು ಇರುತ್ತದೆ. ಬಂದೂಕಿನ ಪಿನ್ನು ಬಡಿಯುವುದು ಅದಕ್ಕೇ. ಆ ಕ್ಯಾಪು ಉಬ್ಬಿರಬಾರದು. ಅದರ ಸುತ್ತ ಕಾರ್ಖಾನೆಯವರು ತೇವ ಒಳಗಿಳಿಯದಿರಲೆಂದು ಹಚ್ಚಿದ ಬಣ್ಣದ ಗೆರೆ ಅಳಿಸಿರಬಾರದು. ಇಷ್ಟೆಲ್ಲ ಆದ ಮೇಲೆ, ಕಟ್ಟಕಡೆಗೆ, ನಾನು.

ಮೊದಲಿನದೆಲ್ಲ ಬರೀ ಶಾಸ್ತ್ರ. ತೀರ್ಪು ನನ್ನದೇ. ಕಾರ್ಖಾನೆಯ ದೊಡ್ಡ ದೊಡ್ಡ ಎಂಜಿನಿಯರುಗಳ ಕಣ್ಣು ತಪ್ಪಿಸಿ ಬಂದ ಎಷ್ಟೋ ಗುಂಡುಗಳು ನನ್ನ ಬಾಗಿಲಲ್ಲಿ ನಿಂತು ಗಡಗಡ ನಡುಗಿದ್ದನ್ನು ನಾನು ಬಲ್ಲೆ. ಒಂದು ಗುಂಡಂತೂ, "ಬಿಟ್ಟುಬಿಡಪ್ಪ, ಮನೇಲಿ ತಾಯಿ ಕಾಯ್ತಿದ್ದಾಳೆ," ಎಂದು ಅತ್ತಿತು. ನಾನು ಬಿಡಲಿಲ್ಲ.

ಒಂದೇ ಒಂದು ಸಲ ನನ್ನ ಮರ್ಯಾದೆಗೆ ಪೆಟ್ಟು ಬಿತ್ತು. ಅದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬೇರೆಯವರು ಉಪ್ಪುಖಾರ ಹಚ್ಚಿ ಹೇಳುತ್ತಾರೆ. ಆಯುಧಪೂಜೆಯ ದಿನ ಬಂದೂಕುಗಳನ್ನೆಲ್ಲ ಸಾಲಾಗಿ ಇಟ್ಟು, ಮುಂದೆ ನನ್ನನ್ನೂ ಕೂರಿಸಿ, ಅರಿಸಿನ ಕುಂಕುಮ ಏರಿಸಿ, ಕುಂಬಳಕಾಯಿ ಒಡೆದು, ಮೈಮೇಲೆ ಅಕ್ಷತೆ ಎರಚಿದರು. ಮರುದಿನ ಕೂತು ಗುಂಡು ನೋಡಿದರೆ ಒಂದೂ ಸರಿಯಿಲ್ಲ! ಹಾಕಿದ್ದೆಲ್ಲ ಬುಡ ಎತ್ತಿ ನಿಲ್ಲುತ್ತಿದೆ. ಯಮನೂರಪ್ಪ ಇಡೀ ಪೆಟ್ಟಿಗೆಯನ್ನು ಬದಿಗೆ ಸರಿಸಿ ತಲೆಯ ಮೇಲೆ ಕೈಹೊತ್ತು ಕೂತ.

ಪಡೆಯ ಮುಖ್ಯಸ್ಥರಾದ ಆರ್‌ಪಿಐ ಪುಟ್ಟಮಾದಯ್ಯ ಸಾಹೇಬರು ಧಾವಿಸಿ ಬಂದರು. ಚಾಮರಾಜನಗರದ ಕಡೆಯವರು; ಹೊಟ್ಟೆ ಮೊದಲು ಬರುತ್ತದೆ, ಅವರು ಆಮೇಲೆ.

"ಏನ್ರೀ ಯಮನೂರಪ್ಪ, ಇಡೀ ಪೆಟ್ಗೆ ಕೆಟ್ಟೋಗದೆ ಅಂದ್ರೆ ಏನ್ರೀ ಅರ್ಥ? ಮೇಲ್ನೋರಿಗೆ ನಾನೇನಂತ ಹೇಳ್ಲಿ?"

"ಗೇಜ್ ಹಂಗ ಹೇಳಾಕತ್ತೈತ್ರಿ ಸರ್."

"ಗೇಜು ಹೇಳ್ತದಂತೆ! ನೀವೇನ್ ಹೇಳ್ತೀರಿ?"

ಯಮನೂರಪ್ಪ ಇನ್ನೊಂದು ಗುಂಡನ್ನು ನನ್ನೊಳಗೆ ಬಿಟ್ಟ; ಅದೂ ಬುಡ ಎತ್ತಿ ನಿಂತಿತು. ಆಗ ಪಕ್ಕದಲ್ಲಿ ಬಂದೂಕಿಗೆ ಎಣ್ಣೆ ಹಾಕುತ್ತಿದ್ದ ಕಾನ್‌ಸ್ಟೇಬಲ್ ಸೀತವ್ವ ಲಮಾಣಿ ಎದ್ದುಬಂದಳು. ಎರಡು ಮಕ್ಕಳ ತಾಯಿ, ಗಟ್ಟಿ ಮೈಕಟ್ಟು. ಶಸ್ತ್ರಾಗಾರಕ್ಕೆ ಹೊಸದಾಗಿ ಬಂದವಳು. ನನ್ನನ್ನು ಎತ್ತಿ ತೂತಿನಲ್ಲಿ ಕಣ್ಣಿಟ್ಟು ನೋಡಿ, ಮೇಜಿನ ಮೇಲೆ ಬೋರಲು ಹಾಕಿ ಎರಡು ಬಡಿತ ಬಡಿದಳು. ಹಳದಿ ಬಣ್ಣದ ಒಂದು ಅಕ್ಕಿಕಾಳು ಉದುರಿತು.

"ದ್ಯಾವ್ರ ಪ್ರಸಾದ ತಿಂದು ಕುಂತೈತ್ರಿ ಅಣ್ಣಾರ," ಎಂದಳು ಸೀತವ್ವ.

ಸಾಹೇಬರು ಹೊಟ್ಟೆ ಕುಣಿಸಿ ನಕ್ಕರು. ಯಮನೂರಪ್ಪನೂ ನಕ್ಕ; ಆದರೆ ಆ ಗುಂಡುಗಳನ್ನು ಗಾಜಿನ ಮೇಲೆ ಉರುಳಿಸಿ ತಾನೇ ನೋಡಬಹುದಿತ್ತಲ್ಲ ಎಂದು ಅವನಿಗೆ ಹೊಳೆದಂತೆ ಕಾಣಲಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ನಾನು ಅವತ್ತು ವ್ರತದಲ್ಲಿದ್ದೆ. ವ್ರತದ ದಿನ ಗುಂಡು ಮುಟ್ಟುವುದಿಲ್ಲ.

ಆಮೇಲಾಮೇಲೆ ಯಮನೂರಪ್ಪನಿಗೆ ಕಣ್ಣಿನಲ್ಲಿ ಪೊರೆ ಬಂತು. ಗಾಜಿನ ತುಂಡು ಒಂದು ದಿನ ಒಡೆಯಿತು, ಹೊಸದನ್ನು ತರಲಿಲ್ಲ. ಬೆಳಕಿಗೆ ಹಿಡಿದು ತಿರುಗಿಸುವುದು ಕಡಿಮೆಯಾಯಿತು. ಬುಡ ನೋಡುವುದು ಒಂದು ಪೆಟ್ಟಿಗೆಗೆ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಸೊಂಟ ನೋವು ಬೇರೆ. ಪೆಟ್ಟಿಗೆಗಳಂತೂ ಬರುತ್ತಲೇ ಇದ್ದವು, ನೋಡುವವನು ಅವನೊಬ್ಬನೇ. ಕಡೆಗೆ ಒಂದೊಂದೇ ಕಳಚಿಹೋಗಿ, ಉಳಿದದ್ದು ನಾನು ಮಾತ್ರ. ಟಕ್. ಅಂಗೈ. ಡಬ್ಬಿ. ಟಕ್. ಅಂಗೈ. ಡಬ್ಬಿ. ನನಗೆ ಬಡ್ತಿ ಸಿಕ್ಕಿತೆಂದುಕೊಂಡೆ. ಯಾರಿಗೆ ತಾನೇ ಹಾಗನ್ನಿಸುವುದಿಲ್ಲ?

ಆ ವರ್ಷ ಅವನು ಎರಡೂ ಕಣ್ಣಿನ ಆಪರೇಷನ್‌ಗೆಂದು ಉದ್ದ ರಜೆ ಹಾಕಿದ. ಶಸ್ತ್ರಾಗಾರದ ಬೀಗ ಸೀತವ್ವನ ಕೈಗೆ ಬಂತು. ಸರಿಯಾಗಿ ಆಗಲೇ ಮೇಲಧಿಕಾರಿಗಳ ವಾರ್ಷಿಕ ತಪಾಸಣೆಯ ದಿನವೂ ಗೊತ್ತಾಯಿತು. ಪೊಲೀಸ್ ಪಡೆಯಲ್ಲಿ ತಪಾಸಣೆ ಎಂದರೆ ಏನೆಂದು ನೋಡಿದವರಿಗೇ ಗೊತ್ತು. ಗಿಡದ ಬುಡಕ್ಕೆ ಸುಣ್ಣ, ಕಲ್ಲಿಗೆ ಕೆಮ್ಮಣ್ಣು. ಹಿತ್ತಾಳೆ ಎಂಬುದು ಎಲ್ಲಿದ್ದರೂ ಸರಿ, ಬೆಲ್ಟಿನ ಬಕಲು, ಟೋಪಿಯ ಬಿಲ್ಲೆ, ಬ್ಯಾಂಡಿನವರ ತುತ್ತೂರಿ, ಬಾಗಿಲ ಚಿಲಕ, ಅದರ ಮೇಲೆ ಪಾಲಿಶ್ ಬಿದ್ದೇ ಬೀಳಬೇಕು. ಹಿತ್ತಾಳೆ ಕಂಡರೆ ಪೊಲೀಸರ ಕೈ ತಾನೇ ಬಟ್ಟೆ ಹುಡುಕುತ್ತದೆ.

"ಸೀತವ್ವ, ಆರ್ಮರೀಲಿ ಎಲ್ಲಾ ಫಳಫಳ ಅನ್ಬೇಕು ಕಣಮ್ಮ. ಸಾಹೇಬ್ರು ಒಳಕ್ಕೆ ಬಂದ್ರೆ ಮುಖ ಕಾಣ್ಬೇಕು," ಎಂದು ಪುಟ್ಟಮಾದಯ್ಯನವರು ಅಪ್ಪಣೆ ಕೊಟ್ಟರು.

ಗುಂಡಿನ ಮೈಯೂ ಹಿತ್ತಾಳೆಯೇ. ಸೀತವ್ವ ಒಂದು ಪೆಟ್ಟಿಗೆಯ ಗುಂಡುಗಳನ್ನೆಲ್ಲ ಹೊರಗೆ ಸುರಿದು, ಮೂಗಿಗೆ ಸೆರಗು ಕಟ್ಟಿಕೊಂಡು, ಆ ಘಾಟು ಪಾಲಿಶ್ ಹಚ್ಚಿ ಹಚ್ಚಿ ಉಜ್ಜಿದಳು. ಪಾತ್ರೆ ಬೆಳಗಿದ ಹಾಗೆ, ಬುಡ ಮೂತಿ ಎನ್ನದೆ. ತಪಾಸಣೆಗೆ ಬಂದ ದೊಡ್ಡ ಸಾಹೇಬರು ಆ ಸಾಲಿನ ಮುಂದೆ ನಿಂತು, "ವೆರಿ ಗುಡ್," ಎಂದರು. ಪುಟ್ಟಮಾದಯ್ಯನವರು ಆ ದಿನವೆಲ್ಲ ಎದೆಯುಬ್ಬಿಸಿ ಓಡಾಡಿದರು. ಸೀತವ್ವನಿಗೆ ಎಲ್ಲರ ಮುಂದೆ ಮೆಚ್ಚುಗೆಯ ಪತ್ರ ಸಿಕ್ಕಿತು. ಕೆಲಸಕ್ಕೆ ಸೇರಿದ ಮೇಲೆ ಆಕೆಗೆ ಸಿಕ್ಕ ಮೊದಲ ಒಳ್ಳೆಯ ಮಾತು ಅದು.

ಆದರೆ ಹಿತ್ತಾಳೆ ಪಾಲಿಶ್ ಗುಂಡಿಗೆ ವಿಷ. ಅದರೊಳಗಿನ ಘಾಟು ಹಿತ್ತಾಳೆಯ ಮೈಯೊಳಗೆ ಸೇರಿ, ಒಳಗೊಳಗೇ ಅದನ್ನು ಸೀಳುತ್ತದೆ. ಇಂದು ಹಚ್ಚಿದರೆ ನಾಳೆ ಕಾಣುವುದಿಲ್ಲ. ಒಂದು ಮಳೆಗಾಲ ಪೆಟ್ಟಿಗೆಯಲ್ಲಿ ಕೂತರೆ ಸಾಕು, ಕೂದಲೆಳೆಯ ಬಿರುಕು ಮೂಡುತ್ತದೆ. ಅಂಥ ಗುಂಡು ಹಾರಿಸಿದರೆ ಬೆಂಕಿ ಮುಂದೆಯೇ ಹೋಗುತ್ತದೆ ಎನ್ನುವಂತಿಲ್ಲ. ಗುರಿ ಹಿಡಿಯುವವನ ಕಣ್ಣಿರುವುದು ಹಿಂದೆ. ಇದು ಯಮನೂರಪ್ಪನಿಗೆ ಗೊತ್ತಿತ್ತು, ಆದರೆ ಅವನು ಆಸ್ಪತ್ರೆಯಲ್ಲಿದ್ದ. ಸೀತವ್ವನಿಗೆ ಗೊತ್ತಿರಲಿಲ್ಲ.

ಮಳೆಗಾಲ ಕಳೆಯಿತು. ಕಪ್ಪು ಕನ್ನಡಕ ಹಾಕಿಕೊಂಡು ಯಮನೂರಪ್ಪ ಕೆಲಸಕ್ಕೆ ಮರಳಿದ. ವರ್ಷದ ಗುಂಡು ಹಾರಿಸುವ ಅಭ್ಯಾಸ ಹತ್ತಿರ ಬಂತು. ಅದೇ ಪೆಟ್ಟಿಗೆ ಹೊರಬಂತು. ಈಗ ಕೇಳಿ ನನ್ನ ಪ್ರತಾಪ.

ಯಮನೂರಪ್ಪ ಮೊದಲ ಗುಂಡನ್ನು ನನ್ನೊಳಗೆ ಬಿಟ್ಟನೋ ಇಲ್ಲವೋ, ನನಗೆ ಘಾಟು ಬಡಿಯಿತು. ಇದರೊಳಗೆ ಬಿರುಕಿದೆ! ಗಂಟಲನ್ನು ಬಿಗಿಹಿಡಿದೆ. ಅವನು ಎಳೆದ, ಬಿಡಲಿಲ್ಲ. ಬೋರಲು ಹಾಕಿ ಕುಟ್ಟಿದ, ಬಿಡಲಿಲ್ಲ. ಇಕ್ಕಳ ತಂದ, ಇಕ್ಕಳವೇ ಬಾಗಿತು. "ಯಮನೂರಪ್ಪ, ಕಣ್ಣು ಬಿಟ್ಟು ನೋಡು!" ಎಂದು ನಾನು ಕೂಗಿದ ಕೂಗಿಗೆ ಶಸ್ತ್ರಾಗಾರದ ಹೆಂಚು ನಾಲ್ಕು ಹಾರಿದವು. ಪುಟ್ಟಮಾದಯ್ಯನವರು ಓಡಿಬಂದು, ಬಿರುಕನ್ನು ಕಂಡು ಬೆವತು, ನನಗೆ ಸೆಲ್ಯೂಟ್ ಹೊಡೆದರು. ಅಷ್ಟು ಜನ ಪೊಲೀಸರ ಕಣ್ಣು ಉಳಿಯಿತು. ಉಳಿಸಿದ್ದು ನಾನು.

ಇದಾದ ಕೆಲವು ವರ್ಷಕ್ಕೆ ತ್ರೀ ನಾಟ್ ತ್ರೀ ಬಂದೂಕುಗಳೆಲ್ಲ ಹಿಂದಕ್ಕೆ ಹೋದವು. ಹೊಸ ಬಂದೂಕುಗಳು ಬಂದವು, ಅವುಗಳ ಗುಂಡು ನನ್ನ ಅಳತೆಯದಲ್ಲ. ಯಮನೂರಪ್ಪ ನಿವೃತ್ತನಾದ. ಹೋಗುವ ದಿನ ನನ್ನನ್ನು ಜೇಬಿಗೆ ಹಾಕಿಕೊಂಡು ಬಾಗಿಲತನಕ ನಡೆದು, ಮತ್ತೆ ಹಿಂದಿರುಗಿ, ಮೇಜಿನ ಮೇಲೆ ಇಟ್ಟುಹೋದ. ನಿಟ್ಟುಸಿರು ಬಿಟ್ಟನೋ ಇಲ್ಲವೋ ನೆನಪಿಲ್ಲ. ಈಗ ಶಸ್ತ್ರಾಗಾರ ಸೀತವ್ವನದು. ಹೆಡ್ ಕಾನ್‌ಸ್ಟೇಬಲ್ ಆಗಿದ್ದಾಳೆ, ತಲೆಯಲ್ಲಿ ಬಿಳಿ ಕೂದಲು ಬಂದಿದೆ. ನನ್ನ ಗಂಟಲಲ್ಲಿ ಬೆಳಿಗ್ಗೆ ಒಂದು ಊದಿನಕಡ್ಡಿ ನಿಲ್ಲುತ್ತದೆ. ಉರಿದು ಬೂದಿಯಾಗಿ ಮೈಮೇಲೆ ಉದುರುತ್ತದೆ. ಕೆಲಸ ಅಷ್ಟೇ. ದಿನವಿಡೀ ಏನೂ ಮಾಡದೆ ಇರುವುದು ಇಷ್ಟು ಸುಸ್ತಿನ ಕೆಲಸವೆಂದು ನನಗೆ ಮೊದಲು ತಿಳಿದಿರಲಿಲ್ಲ.

ನಿಮ್ಮ ಮುಂದೆ ಈ ಪ್ರತಾಪ ಹೇಳಿ ಮುಗಿಸಿ, ಸೆಲ್ಯೂಟಿನ ಸವಿ ಇನ್ನೂ ಬಾಯಲ್ಲಿರುವಾಗಲೇ, ಹೊಸದಾಗಿ ಸೇರಿದ ಪೇದೆಗಳ ಒಂದು ತಂಡ ಒಳಗೆ ಬಂತು. ಇವತ್ತು ಅವರಿಗೆ ಸೀತವ್ವನ ಪಾಠ. ಆಕೆ ನೇರವಾಗಿ ನನ್ನ ಹತ್ತಿರ ಬಂದು, ಊದಿನಕಡ್ಡಿ ಕಿತ್ತಿಟ್ಟು, ಬೂದಿ ಊದಿ, ನನ್ನನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ಇದು ಹಳೇ ಗೇಜು. ಇದರ ಸುದ್ದಿ ಹೇಳತೀನಿ, ಕೇಳ್ರಿ. ನಾ ಪಾಲಿಶ್ ಹಚ್ಚಿ ಕೆಡಿಸಿದ ಒಂದು ಪೆಟಗಿ ರೌಂಡು ಇತ್ತು. ಅಷ್ಟೂ ರೌಂಡು ಇದರೊಳಗ ಹಾಕಿ ತಗದ್ವಿ. ಒಂದರ ಹಿಡದಿದ್ರ ಕೇಳ್ರಿ! ಎಲ್ಲಾ ಪಾಸು."

"ಹಂಗಾದ್ರ ಇದು ಸುಳ್ಳ ಹೇಳಿತೇನ್ರಿ ಮೇಡಂ?" ಎಂದು ಮುಂದೆ ನಿಂತಿದ್ದ ಹುಡುಗಿಯೊಬ್ಬಳು ಕೇಳಿದಳು.

"ಸುಳ್ಳ ಹೇಳಾಕ ಇದಕ್ಕ ಬಾಯಿ ಎಲ್ಲೈತವ್ವಾ?"

ಇದೆ, ಸೀತವ್ವ. ಇಷ್ಟು ಹೊತ್ತು ಈ ಕಥೆ ಕೇಳುತ್ತಿರುವವರ ಮುಂದೆ ಆಡಿದ್ದು ಅದೇ ಬಾಯಿ. ಸಿಕ್ಕಿಬಿದ್ದೆ. ಆ ದಿನ ನಡೆದದ್ದನ್ನು ಕಂಡವಳೇ ನನ್ನನ್ನು ಕೈಯಲ್ಲಿ ಹಿಡಿದು ನಿಂತಿರುವಾಗ ಇನ್ನು ಹೆಂಚು ಹಾರಿಸಿ ಏನು ಪ್ರಯೋಜನ? ಇದ್ದದ್ದು ಇದ್ದಂತೆ ಹೇಳಿಬಿಡುತ್ತೇನೆ.

ನಾನು ಕೂಗಲಿಲ್ಲ. ಘಾಟು ಬಡಿಯಲಿಲ್ಲ, ಉಕ್ಕಿಗೆ ಮೂಗಿಲ್ಲ. ಆ ಗುಂಡುಗಳು ಉಜ್ಜಿ ಉಜ್ಜಿ ನುಣ್ಣಗಾಗಿದ್ದವು. ಬೇರೆ ಯಾವ ಗುಂಡೂ ನನ್ನೊಳಗೆ ಅಷ್ಟು ಹಿತವಾಗಿ ಇಳಿದಿರಲಿಲ್ಲ, ಅಷ್ಟು ಸಲೀಸಾಗಿ ಜಾರಿರಲಿಲ್ಲ. ಟಕ್. ಅಂಗೈ. ಡಬ್ಬಿ. ಅವುಗಳ ಅಳತೆ ಸರಿಯಿತ್ತು, ನನಗೆ ಗೊತ್ತಿರುವುದು ಅಳತೆ ಮಾತ್ರ. ಯಮನೂರಪ್ಪ ಬುಡ ತಿರುಗಿಸಿ ನೋಡಿದ್ದರೆ ಬಣ್ಣದ ಗೆರೆ ಅಳಿಸಿಹೋಗಿದ್ದು ಕಾಣುತ್ತಿತ್ತು. ತಿರುಗಿಸಲಿಲ್ಲ. ಹೊಸ ಕಣ್ಣಿಗೆ ಬೆಳಕು ಚುಚ್ಚುತ್ತಿತ್ತು, ಸೊಂಟ ಎಳೆಯುತ್ತಿತ್ತು, ಗೇಜು ಸರಿ ಎಂದಿತ್ತು. ಮುಚ್ಚಳ ಹಾಕಿದ.

ಮರುದಿನ ಬೆಳಿಗ್ಗೆ ಊರಾಚೆಯ ಗುಡ್ಡದ ಬುಡದಲ್ಲಿ ಅಭ್ಯಾಸ. ನಾನು ಯಮನೂರಪ್ಪನ ಅಂಗಿಯ ಜೇಬಿನಲ್ಲಿದ್ದೆ. ಮೊದಲ ಸಾಲಿನವರು ಜಮಖಾನೆಯ ಮೇಲೆ ಮಲಗಿದರು, ಸೀತವ್ವನೂ ಅವರಲ್ಲಿದ್ದಳು. ಗುಂಡು ಹಂಚಿಯಾದ ಮೇಲೆ ಯಮನೂರಪ್ಪ ಪ್ರತಿವರ್ಷದ ಮಾತನ್ನು ಹೇಳತೊಡಗಿದ. ಅವನಿಗೇ ಸಾಕಾಗಿದ್ದ ಮಾತು; ಮಂತ್ರ ಹೇಳಿದ ಹಾಗೆ ಏರಿಳಿತವಿಲ್ಲದೆ.

"ನಿಮ್ಮ ರೌಂಡು ನೀವು ನೋಡಕೋರಿ. ನಗ್ಗಿದ್ದು, ಬಿರತಿದ್ದು, ಕ್ಯಾಪ್ ಉಬ್ಬಿದ್ದು ಇದ್ರ ವಾಪಸ್ ಕೊಡ್ರಿ. ಬುಡದಾಗ ಬಣ್ಣದ ಗೆರಿ ಇಲ್ಲದ ರೌಂಡ್ ಹಾಕಬ್ಯಾಡ್ರಿ. ಯಾರೂ ರೌಂಡಿಗೆ ಪಾಲಿಶ್ ಹಚ್ಚಬ್ಯಾಡ್ರಿ, ಒಳಗಿಂದ ಬಿರೀತಾವು, ಕಣ್ಣ ಹೋಗ್ತಾವು..."

ಎಂದಿನಂತೆ ಯಾರೂ ಕೇಳುತ್ತಿರಲಿಲ್ಲ. ಯಾರೋ ಆಕಳಿಸಿದರು. "ಲೋಡ್!" ಎಂದರು ಪುಟ್ಟಮಾದಯ್ಯನವರು. ಬೋಲ್ಟುಗಳು ಕಟಕಟ ಎಂದವು. ಸಾಹೇಬರು ಸೀಟಿಯನ್ನು ತುಟಿಗೆ ಇಟ್ಟರು. ಅದು ಊದಿದರೆ ಗುಂಡು ಹಾರುತ್ತದೆ.

ಸಾಲಿನಲ್ಲಿ ಒಬ್ಬರು ಎದ್ದು ನಿಂತರು.

ಗುಂಡು ತುಂಬಿದ ಮೇಲೆ ಆ ಸಾಲಿನಲ್ಲಿ ಏಳುವಂತಿಲ್ಲ. ಅದಕ್ಕಿಂತ ದೊಡ್ಡ ತಪ್ಪು ಅಲ್ಲಿ ಇನ್ನೊಂದಿಲ್ಲ. ಸೀತವ್ವ ಎರಡೂ ಕೈ ಮೇಲೆತ್ತಿ ನಿಂತಿದ್ದಳು.

"ಏಯ್! ಯಾರದು! ಮಲಗಮ್ಮ ಕೆಳಕ್ಕೆ! ತಲೆ ಕೆಟ್ಟದಾ ನಿಂಗೆ?"

"ಹೊಡಿಬ್ಯಾಡ್ರಿ ಸರ್. ಯಾರೂ ಹೊಡಿಬ್ಯಾಡ್ರಿ. ಇವು ನಾ ತಿಕ್ಕಿದ ರೌಂಡು. ಬುಡದಾಗ ಗೆರಿ ಇಲ್ರಿ."

"ಏನಂದೆ?"

"ತಪಾಸಣಿ ದಿವ್ಸ ನಾನ ಪಾಲಿಶ್ ಹಚ್ಚೀನ್ರಿ ಸರ್. ಎಲ್ಲಾಕ್ಕೂ." ಆಕೆಯ ದನಿ ಒಡೆಯಿತು. "ಅದಕ್ಕ ಪತ್ರ ಕೊಟ್ಟಿದ್ರಲ್ರಿ."

ಸೀಟಿ ಸಾಹೇಬರ ತುಟಿಯಿಂದ ಜಾರಿ ದಾರದಲ್ಲಿ ತೂಗಿತು. ಬಂದೂಕುಗಳನ್ನೆಲ್ಲ ಖಾಲಿ ಮಾಡಿಸಿದರು. ಯಮನೂರಪ್ಪ ಸೀತವ್ವನ ಕೈಯಿಂದ ಒಂದು ಗುಂಡು ಇಸಿದುಕೊಂಡು, ಕಪ್ಪು ಕನ್ನಡಕ ತೆಗೆದು, ನೀರು ಸುರಿಯುವ ಕಣ್ಣಿನಿಂದ ಬೆಳಕಿಗೆ ಹಿಡಿದು ತಿರುಗಿಸಿದ. ಆ ಗುಂಡಿನಲ್ಲಿ ಬಿರುಕೇನೂ ಇರಲಿಲ್ಲ. ಇನ್ನೊಂದರಲ್ಲಿಯೂ ಇರಲಿಲ್ಲ. ಪಕ್ಕದಲ್ಲಿ ಮಲಗಿದ್ದವನ ಗುಂಡು ತೆಗೆದುಕೊಂಡ. ಅದರ ಕುತ್ತಿಗೆಯ ಮೇಲೆ ಉದ್ದಕ್ಕೆ ಒಂದು ಎಳೆ, ಉಗುರಿಗೆ ತಗುಲಿತು. ಎಲ್ಲರೂ ನೋಡುತ್ತಿದ್ದಂತೆ ಜೇಬಿನಿಂದ ನನ್ನನ್ನು ತೆಗೆದು, ಆ ಗುಂಡನ್ನು ನನ್ನೊಳಗೆ ಬಿಟ್ಟ.

ಟಕ್.

ಬೋರಲು ಹಾಕಿದ. ಅಂಗೈಗೆ ಬಿತ್ತು, ಬೆಣ್ಣೆಯಂತೆ.

"ಇದೇನ್ ಮಾಡೀತು," ಎಂದ ಯಮನೂರಪ್ಪ, ಯಾರಿಗೂ ಅಲ್ಲದ ಹಾಗೆ. "ಇದೊಂದು ತೂತು. ಅಳತಿ ಕೇಳಿದ್ರ ಅಳತಿ ಹೇಳತೈತಿ. ನಾ ಅದನ್ನಷ್ಟ ಕೇಳಿದೆ. ಉಳಿದದ್ದು ನಾ ನೋಡಬೇಕಾಗಿತ್ತು."

ಪುಟ್ಟಮಾದಯ್ಯನವರು ಟೋಪಿ ತೆಗೆದು ಬೆವರು ಒರೆಸಿಕೊಂಡರು. "ಫಳಫಳ ಅನ್ಬೇಕು ಅಂದೋನು ನಾನೇ ಅಲ್ವೇನ್ರೀ," ಎಂದು ಮೆಲ್ಲಗೆ ಹೇಳಿ, ಅಭ್ಯಾಸ ನಿಲ್ಲಿಸಿದರು. ಮೇಲಿನವರಿಗೆ ತಾವೇ ಮುಂದಾಗಿ ಹೇಳಿದರು. ಸೀತವ್ವನ ಮೆಚ್ಚುಗೆಯ ಪತ್ರ ರದ್ದಾಯಿತು. ಗುಂಡು ಕೆಡಿಸಿದ್ದಕ್ಕೆ ಆಕೆಗೆ ಬೈಗುಳ ಬೀಳಲಿಲ್ಲ. ಸಾಲಿನಲ್ಲಿ ಎದ್ದು ನಿಂತದ್ದಕ್ಕೆ ಮಾತ್ರ ಶಿಕ್ಷೆ ತಪ್ಪಲಿಲ್ಲ. ಆ ನಿಯಮವನ್ನು ಒಮ್ಮೆ ಸಡಿಲಿಸಿದರೆ ಮುಂದೆ ಯಾರೋ ಸಾಯುತ್ತಾರೆ, ಅದೂ ನಿಜವೇ. ಬಂದೂಕನ್ನು ಎರಡೂ ಕೈಯಿಂದ ತಲೆಯ ಮೇಲೆ ಹಿಡಿದು ಮೈದಾನ ಸುತ್ತಿ ಬರಬೇಕು.

ಸಂಜೆ ಸೀತವ್ವ ಓಡತೊಡಗಿದಳು. ಯಮನೂರಪ್ಪ ಮೈದಾನದ ಅಂಚಿನಲ್ಲಿ ಬೇವಿನ ಮರಕ್ಕೆ ಒರಗಿ ನಿಂತಿದ್ದ. ಆಕೆ ಒಂದು ಸುತ್ತು ಮುಗಿಸಿ ಅವನೆದುರು ಹಾದುಹೋದಳು. ಮುಖ ಕೆಂಪಾಗಿತ್ತು. ಎರಡನೆಯ ಸುತ್ತಿಗೆ ಕೈಗಳು ಇಳಿಯತೊಡಗಿದ್ದವು. ಯಮನೂರಪ್ಪ ಶಸ್ತ್ರಾಗಾರದ ಒಳಗೆ ಹೋಗಿ ಒಂದು ಬಂದೂಕು ತಂದ. ತಲೆಯ ಮೇಲೆ ಎತ್ತಿ ಹಿಡಿದು ಆಕೆಯ ಪಕ್ಕ ಹೆಜ್ಜೆಹಾಕಿದ. ಓಡಲು ಅವನಿಂದ ಆಗುತ್ತಿರಲಿಲ್ಲ. ಸೀತವ್ವನೇ ಓಟ ಬಿಟ್ಟು ನಡೆದಳು.

"ನೀವ್ಯಾಕ್ರಿ ಅಣ್ಣಾರ? ಆಪರೇಷನ್ ಆದ ಕಣ್ಣು, ಭಾರ ಎತ್ತಬಾರದು ನೀವು."

"ನಡಿ ಸುಮ್ನ. ನನ್ನ ಪಾಲಿಂದು ನಾ ಸುತ್ತತೀನಿ."

ಇಬ್ಬರೂ ಹೆಜ್ಜೆ ಹೊಂದಿಸಿ ಮೈದಾನ ಸುತ್ತಿದರು. ಅವನ ಜೇಬಿನಲ್ಲಿ ನಾನಿದ್ದೆ, ಪ್ರತಿ ಹೆಜ್ಜೆಗೂ ಅವನ ಎದೆಗೆ ಬಡಿಯುತ್ತ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಅಂದೇ ತ‍ಪ್ಪು ಒಪ್ಪಿಕೊಳ್ಳುತ್ತಿದ್ದೆ ಎಂದು ಹೇಳಬೇಕೆಂದಿದ್ದೆ. ಬೇಡ, ಅದೂ ಸುಳ್ಳೇ.